ಕಾರಿನ ಕಿಟಕಿಗೆ ಅಕ್ಕನ ಎಕ್ಸ್‌ರೇ

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಹಾಗಾಗಿ ಬಿಸಿಲನ್ನು ಮಣಿಸುವುದು ಎಡಗೈ ಕೆಲಸ ಎಂದುಕೊಂಡಿದ್ದೆ!

ಮಣಿಸಬೇಕಾಗಿ ಬಂದದ್ದು ನಮ್ಮ ಶಾಂತಕ್ಕನಿಗಾಗಿ. ಅವಳಿಗೆ ಕೆಮ್ಮು, ದಮ್ಮು. ತೋರಿಸಲು ಆಗಾಗ ನನ್ನ ಹಳೆಯ ಕಾರಿನಲ್ಲಿ ಬೀದರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಎರಡು ತಾಸು ಬಿಸಿಲಲ್ಲಿ ನಿಂತ ಕಾರು ಒಲೆಯಾಗಿರುತ್ತಿತ್ತು. ಒಂದು ಸಲ ಅಕ್ಕ ಒಳಗೆ ಕಾಲಿಟ್ಟವಳೇ ಉಸಿರು ಸಿಗದೆ ನೆಲಕ್ಕೆ ಕುಸಿದಳು. ನನಗೆ ಜೀವ ಬಾಯಿಗೆ ಬಂತು. ಕಿಟಕಿಗೆ ಪರದೆ ಮಾಡಲೇಬೇಕೆಂದು ಅಂದೇ ನಿಶ್ಚಯಿಸಿದೆ.

"ಅಂಗಡ್ಯಾಗ ಸಿಗ್ತಾವಲ್ರಿ, ತರಬಾರದಾ?" ಎಂದಳು ಹೆಂಡತಿ ಸುಜಾತಾ.

"ವಿಜ್ಞಾನ ಮಾಸ್ತರನ ಗಾಡಿಗಿ ಅಂಗಡಿ ಪರದಿ? ಮರ್ಯಾದಿ ಪ್ರಶ್ನಿ ಅದ!"

ಮೊದಲು ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿದೆ. ಬಿಸಿಲಿಗೆ ಅಂಟು ಕರಗಿ ಕಾಗದ ಸೀಟಿಗೆ ಇಳಿಯಿತು, ಸೀಟಿನಿಂದ ನನ್ನ ಪ್ಯಾಂಟಿಗೆ ಏರಿತು. ಹಿಂಬದಿ ಮಿಂಚುತ್ತ ತರಗತಿಗೆ ಹೋದೆ. ಮಕ್ಕಳು ಅಂದು ಕಪ್ಪು ಹಲಗೆ ನೋಡಲೇ ಇಲ್ಲ!

ಆಮೇಲೆ ಹೊಳೆದದ್ದು ಎಕ್ಸ್‌ರೇ ಫಿಲ್ಮು. ಗ್ರಹಣದ ದಿನ ಮಕ್ಕಳಿಗೆ ಸೂರ್ಯನನ್ನು ಅದರಲ್ಲೇ ತೋರಿಸುತ್ತಿದ್ದೆನಲ್ಲ! ಅಕ್ಕನ ಹಳೆಯ ಫಿಲ್ಮುಗಳು ಗೋಡೆಯ ಗೂಟಕ್ಕೆ ತೂಗುಹಾಕಿದ ಚೀಲದಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಕತ್ತರಿಸಿ ಕಿಟಕಿಗಳಿಗೆ ಕೂಡಿಸಿದೆ. ಎಲ್ಲೆಲ್ಲಿ ಬೆಳ್ಳಗಿದ್ದು ಬೆಳಕು ನುಸುಳುತ್ತಿತ್ತೋ ಅಲ್ಲೆಲ್ಲ ಕರಿ ಟೇಪು ಹಚ್ಚಿದೆ. ಕಾರು ನಿಜಕ್ಕೂ ತಂಪಾಯಿತು.

"ಮಾಸ್ತರ, ನಿಮ್ಮ ಗಾಡಿಗಿ ಎಲುಬು ಯಾವಾಗ ಬಂದಾವ್ರಿ?" ಎಂದು ಪಕ್ಕದ ಮನೆಯ ಬಸಪ್ಪ ಕೇಳಿದ. ಅಕ್ಕ ನಕ್ಕು ನಕ್ಕು ಕೆಮ್ಮಿದಳು.

ಮುಂದಿನ ಸಲ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಕರೆದರು.

"ಹಳೇವು ಎಲ್ಲಿ ಅದಾವ್ರಿ? ಕೂಡಿಸಿ ನೋಡಬೇಕು."

"ತಂದೀನ್ರಿ ಸರ್. ಆದ್ರ... ಗಾಡಿಗಿ ಹಚ್ಚೀನ್ರಿ."

ಪೇಷಂಟು ಯಾರೆಂದು ಅವರಿಗೆ ಅನುಮಾನ ಬಂದಿರಬೇಕು! ಆದರೂ ಎದ್ದು ಬಂದು ಕಾರಿನೊಳಗೆ ಕೂತರು. ಎಡ ಕಿಟಕಿಯಲ್ಲಿ ಅರ್ಧ ಅಕ್ಕ, ಬಲ ಕಿಟಕಿಯಲ್ಲಿ ಉಳಿದರ್ಧ.

"ಈ ಟೇಪು ಯಾಕ್ರಿ?"

"ಅಲ್ಲಿಂದ ಬಿಸಲ ಬರ್ತಿತ್ರಿ ಸರ್."

ಅವರು ಉಗುರಿನಿಂದ ಟೇಪು ಕಿತ್ತರು. ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಬಿಳಿ ಚುಕ್ಕೆ. ಪಕ್ಕದಲ್ಲಿ ಹೊಸ ಫಿಲ್ಮು ಹಿಡಿದರು. ಅಲ್ಲಿ ಅದು ನಿಂಬೆಹಣ್ಣಿನಷ್ಟಾಗಿತ್ತು.

"ಬೆಳದದ್ರಿ ಮಾಸ್ತರ. ಕೆಟ್ಟ ಗಂಟು ಇರಬಹುದು. ಹೈದರಾಬಾದಿಗಿ ಕರಕೊಂಡು ಹೋಗ್ರಿ. ತಡ ಮಾಡಬ್ಯಾಡ್ರಿ."

ಆ ಚುಕ್ಕೆಯನ್ನು ನಾನು ಬೆರಳಿಂದ ಮುಟ್ಟಿದ್ದೆ, ಅಳೆದಿದ್ದೆ, ಅಳತೆಗೆ ಸರಿಯಾಗಿ ಟೇಪು ಕತ್ತರಿಸಿ ಮುಚ್ಚಿದ್ದೆ! ನನಗೆ ಕಂಡದ್ದು ಬರೀ ಬಿಸಿಲು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅಲ್ಲೇ ಕೂತು ಅಳಬೇಕೆನಿಸಿತು.

ಫಿಲ್ಮುಗಳನ್ನೆಲ್ಲ ಬಿಚ್ಚಿ ಡಾಕ್ಟರ ಕೈಗೆ ಕೊಟ್ಟೆ. ಊರಿಗೆ ತಿರುಗುವಾಗ ಇಳಿಬಿಸಿಲು ಬರಿ ಗಾಜಿನಿಂದ ಒಳಗೆ ನುಗ್ಗುತ್ತಿತ್ತು. ಪಕ್ಕದಲ್ಲಿ ಕೂತ ಅಕ್ಕ ಕೇಳಿದಳು, "ಏನಂದ್ರೋ ಡಾಕ್ಟರ್?"

"ಪರದಿ ಛಲೋ ಮಾಡೀರಿ ಅಂದ್ರು."

ಅಕ್ಕ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ತುದಿ ಹರವಿ ತನ್ನ ಕಡೆಯ ಕಿಟಕಿಗೆ ಅಡ್ಡ ಹಿಡಿದಳು.

"ಬಿಸಲ ನಿನ್ನ ಕಣ್ಣಿಗಿ ಬಡೀಲತ್ತದ, ಅದಕ್ಕೇ ನೀರ ಬರ್ಲತ್ತಾವ. ಸೀದಾ ನೋಡಿ ಹೊಡಿ, ತಮ್ಮ."

ಭಾಲ್ಕಿ ಬರುವವರೆಗೂ ಆ ಕೈ ಇಳಿಯಲಿಲ್ಲ. ಕಾರಿಗೆ ಪರದೆ ಮಾಡುವುದು ಇಷ್ಟು ಸುಲಭವೆಂದು ಈ ವಿಜ್ಞಾನ ಮಾಸ್ತರನಿಗೆ ಗೊತ್ತೇ ಇರಲಿಲ್ಲ!