ಐದನೇ ಗ್ಲಾಸಿಗೆ ಒಂಬತ್ತು ಅಂಕ

ಯಾವ ಕೆಲಸಕ್ಕೇ ಕೈ ಹಾಕಲಿ, ಅದರಲ್ಲಿ ಏನೇನು ಕೆಡಬಹುದು ಎಂದು ಮೊದಲೇ ಮನಸ್ಸಿನಲ್ಲಿ ಪಟ್ಟಿ ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬರುವುದಕ್ಕೂ ನನ್ನದೊಂದು ಪಟ್ಟಿ ಇರುತ್ತದೆ. ಹೀಗಿರುವಾಗ ಐವತ್ತರ ಹತ್ತಿರ ಬಂದ ವಯಸ್ಸಿನಲ್ಲಿ, ಬೀದರಿನ ನೌಬಾದದ ನಮ್ಮ ಮರ್ಯಾದಸ್ಥ ಓಣಿಯಲ್ಲಿ, ಹಾಡಹಗಲೇ ಊಟದ ಮೇಜಿನ ಮೇಲೆ ಐದು ಬಗೆಯ ಬೀರು ಇಟ್ಟುಕೊಂಡು ಕೂತ ದಿನ ಪಟ್ಟಿ ಎಷ್ಟು ಬೆಳೆದಿರಬೇಕು, ನೀವೇ ಊಹಿಸಿ. ಬಾಟಲಿ ತಂದವನನ್ನು ಗಡಿಯ ನಾಕಾದಲ್ಲಿ ಇಳಿಸಿಕೊಳ್ಳಬಹುದಿತ್ತು. ಬಿಸಿಲಿಗೆ ಬಾಟಲಿಗಳು ಬಸ್ಸಿನಲ್ಲೇ ಸಿಡಿಯಬಹುದಿತ್ತು. ಹೆಂಡತಿ ಸಿಟ್ಟಾಗಿ ತವರಿಗೆ ಹೊರಡಬಹುದಿತ್ತು. ಆದರೆ ಬಾಟಲಿ ಬಂದದ್ದೇ ತವರಿನ ಕಡೆಯಿಂದ, ಆದ್ದರಿಂದ ಅವಳು ಎಲ್ಲಿಗೆ ಹೊರಡುತ್ತಾಳೆಂಬುದು ತಿಳಿಯದೆ ಆ ಚಿಂತೆಯನ್ನು ಅರ್ಧಕ್ಕೆ ಬಿಟ್ಟೆ. ನನಗೆ ಅಮಲೇರಿ, ಹೆಡ್ ಮಾಸ್ತರರಿಗೆ ಫೋನು ಹಚ್ಚಿ, ಇಪ್ಪತ್ತು ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಬಹುದಿತ್ತು. ವಾಸನೆ ಓಣಿಗೆಲ್ಲ ಹಬ್ಬಿ, ಸುದ್ದಿ ಸಾಲೆಗೆ ಮುಟ್ಟಿ, ನನ್ನನ್ನು ಔರಾದದ ಆಚೆಯ ಯಾವುದೋ ಹಳ್ಳಿಗೆ ವರ್ಗ ಮಾಡಬಹುದಿತ್ತು. ಎಲ್ಲ ಬಿಟ್ಟು ಹೊಟ್ಟೆಯೇ ಕೆಡಬಹುದಿತ್ತು; ಕೆಟ್ಟರೆ ಆ ಬರದ ವರ್ಷ ಅದಕ್ಕೆ ಬೇಕಾಗುವ ನೀರು ಯಾರಪ್ಪನ ಮನೆಯಿಂದ ತರುವುದು? ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಅದನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಇದಕ್ಕೆಲ್ಲ ಮೂಲ ನನ್ನ ನಾಲಿಗೆ. ಮಾತಾಡುವ ನಾಲಿಗೆಯಲ್ಲ, ಅದು ಮನೆಯಲ್ಲಿ ಹೆಚ್ಚು ನಡೆಯುವುದಿಲ್ಲ. ರುಚಿ ನೋಡುವ ನಾಲಿಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಆ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುತ್ತಿತ್ತು. ಓಣಿಗೆ ಎಲ್ಲೆಲ್ಲಿಂದಲೋ ಟ್ಯಾಂಕರುಗಳು ಬರುತ್ತಿದ್ದವು. ಯಾವುದು ಕುಡಿಯುವ ನೀರು, ಯಾವುದು ಬಳಸುವ ನೀರು ಎಂಬುದು ಟ್ಯಾಂಕರಿನವನಿಗೂ ಗೊತ್ತಿರುತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಬಶೀರ್ ಸಾಹೇಬರು ಒಂದು ಲೋಟ ನೀರು ಹಿಡಿದುಕೊಂಡು ಬಂದು, "ಮಾಸ್ಟರ್ ಸಾಬ್, ನೀವು ಸೈನ್ಸ್ ಓದಿದವರು. ಜರಾ ನೋಡ್ರಿ, ಹ್ಯಾಂಗದ?" ಅಂದರು. ನಾನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಇದು ಅಷ್ಟೂರ ಕಡೀ ಬಾವಿ ನೀರು. ಕುಡೀಬಹುದು" ಅಂದೆ. ವಿಚಾರಿಸಿದರೆ ಅದು ಅಷ್ಟೂರಿನದೇ. "ಕ್ಯಾ ಜಬಾನ್ ಹೈ! ನಾಲಿಗಿ ಅಲ್ರಿ ಇದು, ಮಶೀನ್!" ಎಂದು ಅವರು ಓಣಿಗೆಲ್ಲ ಸಾರಿಬಿಟ್ಟರು. ಅಂದು ಬೆಳಿಗ್ಗೆ ಅದೇ ಟ್ಯಾಂಕರು ಅಷ್ಟೂರ ರಸ್ತೆಯಲ್ಲಿ ಸೋರುತ್ತ ಬರುವುದನ್ನು ನಾನು ಕಣ್ಣಾರೆ ನೋಡಿದ್ದೆ ಎಂಬುದನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ. ಮರುದಿನದಿಂದ ನಮ್ಮ ಕಟ್ಟೆಯ ಮೇಲೆ ಬಾಟಲಿ, ಚಂಬು, ಲೋಟಗಳ ಸಾಲು.

ಈ ಕೀರ್ತಿ ನನ್ನ ಹೆಂಡತಿ ಸುವರ್ಣಾಳ ತಮ್ಮ ಶಿವರಾಜನ ಕಿವಿಗೂ ಬಿತ್ತು. ಇವನ ಮನೆ ಔರಾದದಲ್ಲಿ, ಸೋಡಾ ಅಂಗಡಿ ಭಾಲ್ಕಿಯ ಸ್ಟೇಶನ್ನಿನ ಹತ್ತಿರ. ಆ ವರ್ಷ ಅಂಗಡಿಯಲ್ಲಿ ಮಶೀನಿತ್ತು, ಗ್ಯಾಸಿತ್ತು, ಬಾಟಲಿಯಿತ್ತು, ಗೋಲಿಯಿತ್ತು, ನೀರೊಂದೇ ಇರಲಿಲ್ಲ. ಊರೂರಿನ ಮಂದಿ ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದ ಕಾಲ, ಇವನೂ ಹತ್ತಿದ. ಅಲ್ಲಿ ತಾವೇ ಧಾನ್ಯ ಕಾಯಿಸಿ, ಹುದುಗಿಸಿ, ತರತರದ ಬೀರು ಮಾಡಿ ಮಾರುವ ಒಂದು ಸಣ್ಣ ಕಾರಖಾನೆಯಲ್ಲಿ ಹಂಡೆ ತೊಳೆಯುವ ಕೆಲಸ ಸಿಕ್ಕಿತು. ಎಂಟು ತಿಂಗಳ ಮೇಲೆ ಒಂದು ರವಿವಾರ ಹಳೆಯ ಟವೆಲ್ಲಿನಲ್ಲಿ ಐದು ಬಾಟಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದ. ಬಾಟಲಿಗಳ ಮೇಲೆ ಹೆಸರಿಲ್ಲ, ಒಂದರಿಂದ ಐದರವರೆಗೆ ನಂಬರು ಮಾತ್ರ.

"ಮಾಮಾ, ನಮ್ಮ ಸೇಠ ಒಂದು ಪರೀಕ್ಷಾ ಇಟ್ಟಾನ್ರಿ" ಅಂದ. "ಹಂಡೆ ತೊಳೆಯೋರು ನಾವು ಐದು ಮಂದಿ ಇದ್ದೇವಿ. ಒಬ್ಬೊಬ್ಬರು ಒಂದೊಂದು ನಮೂನಿ ಬೀರು ಮಾಡ್ರಿ ಅಂದ. ನಾ ನಮ್ಮ ಕಡೀ ಜೋಳ ಹಾಕಿ ಮಾಡೇನಿ. ಈಗ ಐದೂ ಬಾಟ್ಲಿ ಒಯ್ದು, ಒಬ್ಬೊಬ್ಬರು ಒಬ್ಬ ತಿಳಿದವರ ಕಡಿಂದ ಮಾರ್ಕ್ಸ್ ಹಾಕಿಸ್ಕೊಂಡು ಬರ್ಬೇಕು. ಕುಡುಕರು ನಡಿಯಂಗಿಲ್ಲಂತ. ಅವರು ಎಲ್ಲಾಕೂ ಛಲೋ ಅಂತಾರಂತ."

"ಗೆದ್ದ್ರ ಏನು ಕೊಡ್ತಾನೋ?"

"ಗೆದ್ದವನಿಗಿ ಬೀರು ಕಾಯಿಸೋ ಕೆಲಸಾ. ಮ್ಯಾಲ ಇರ್ಲಿಕ್ಕಿ ಒಂದು ಖೋಲಿ. ಖೋಲಿ ಸಿಕ್ಕ್ರ ಜ್ಯೋತಿಗಿ, ಗುಡ್ಡಿಗಿ ಔರಾದದಿಂದ ಕರ್ಕೊಂಡು ಹೋಗ್ತೇನಿ ಮಾಮಾ. ಈಗ ಫೋನ್ ಮಾಡಿದ್ರ ಆ ಹುಡುಗಿ ನನಗೇ 'ನೀ ಯಾರು?' ಅಂತ ಕೇಳ್ತದ."

ಜ್ಯೋತಿ ಅವನ ಹೆಂಡತಿ, ಗುಡ್ಡಿ ಮಗಳು. ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. "ನಿಂದು ಯಾವ ನಂಬರು, ಅಷ್ಟು ಹೇಳಿಬಿಡು" ಅಂದೆ. "ಅದು ಹೇಳಂಗಿಲ್ರಿ. ಗುಡ್ಡಿ ಆಣಿ ಮಾಡೇನಿ" ಅಂದ. ಸೋಡಾದಲ್ಲಿ ನಿಂಬೆಗಿಂತ ನೀರೇ ಹೆಚ್ಚು ಹಾಕಿ ಹತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯನಿಗೆ ಪ್ರಾಮಾಣಿಕತನ ಬರುವುದಕ್ಕೆ ಇದೇ ಹೊತ್ತು ಬೇಕಿತ್ತೇ?

ನಾನು ಹೆಂಡತಿಯ ಮುಖ ನೋಡಿದೆ. ಅವಳು ಬೇಡವೆಂದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. "ಏನು ನೋಡ್ತೀರಿ? ನನ್ನ ತಮ್ಮನ ಸಂಸಾರದ ಪ್ರಶ್ನಿ ಅದ" ಅಂದಳು ಸುವರ್ಣಾ. "ಓಣಿ ಮಂದಿ ತಂದ ಹುಳಾ ಬಿದ್ದ ನೀರು ಕಣ್ಣು ಮುಚ್ಚಿ ಕುಡೀತೀರಿ. ಇದಕ್ಯಾಕ ಹೆದರ್ತೀರಿ? ಕೂಡ್ರಿ."

ನಮ್ಮ ಮನೆಯಲ್ಲಿ ಆ ವರ್ಷ ನೀರಿನ ನಡವಳಿಕೆ ಹೇಗಿತ್ತೆಂದು ಇಲ್ಲಿ ಹೇಳಬೇಕು. ಒಂದು ಕೊಡ ನೀರಿಗೆ ಮೂರು ಜನ್ಮ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ಗಲಬರಿಸಿದ ನೀರು ಹಿತ್ತಲಿನ ಕರಿಬೇವಿನ ಗಿಡಕ್ಕೆ. ಮಧ್ಯದಲ್ಲಿ ಯಾರಾದರೂ ಒಂದು ತೊಟ್ಟು ಮೋರಿಗೆ ಚೆಲ್ಲಿದರೆ ಸುವರ್ಣಾ ಊಟ ಬಡಿಸುವಾಗ ಅದನ್ನು ನೆನಪಿಡುತ್ತಿದ್ದಳು. ಶಿವರಾಜ, "ಒಂದೊಂದು ಕುಡಿದ ಮ್ಯಾಲ ಬಾಯಿ ಮುಕ್ಕಳಿಸಿ ಉಗುಳಬೇಕ್ರಿ" ಎಂದು ನಿಯಮ ಹೇಳುತ್ತಿದ್ದಂತೆ ಅವಳು, "ಉಗುಳೋದಾ? ಹೈದರಾಬಾದ ನೀರು ಕುಡಿದು ತಲಿ ಕೆಟ್ಟದೇನೋ ನಿಂದು? ನುಂಗ್ಲಿ" ಅಂದಳು. ಮದುವೆಯಲ್ಲಿ ಬಂದ ಆರು ಸ್ಟೀಲ್ ಗ್ಲಾಸು ತಂದಿಟ್ಟಳು. ಐದರಲ್ಲಿ ಬೀರು, ಕೆಳಗೆ ನಂಬರಿನ ಚೀಟಿ; ಬಾಟಲಿಗಳು ಮತ್ತೆ ಟವೆಲ್ಲಿನೊಳಗೆ. ಆರನೆಯದು ಖಾಲಿ. "ಕುಡಿದಾದ ಗ್ಲಾಸು ಅಲ್ಲೇ ಜರಾ ನೀರು ಹಾಕಿ ಗಲಬರಿಸಿ ಇದ್ರಾಗ ಹಾಕ್ರಿ. ಇಲ್ಲಂದ್ರ ಸ್ಟೀಲಿಗಿ ವಾಸನಿ ಹಿಡೀತದ. ಆ ನೀರು ಗಿಡಕ್ಕ ಬೇಕು ನನಗ."

ಸೇಠನ ಹಾಳೆಯಲ್ಲಿ ಬಣ್ಣ, ನೊರೆ, ವಾಸನೆ, ರುಚಿ ಎಂದು ಮನೆಗಳಿದ್ದವು. ಕೊನೆಗೆ ಹತ್ತಕ್ಕೆ ಎಷ್ಟು ಅಂಕ, ಏನು ಅಭಿಪ್ರಾಯ. ಬಣ್ಣದ ಮನೆಯಲ್ಲೇ ತೊಡಕಾಯಿತು. ಸ್ಟೀಲ್ ಗ್ಲಾಸಿನಲ್ಲಿ ಇಟ್ಟದ್ದೆಲ್ಲ ಒಂದೇ ಬಣ್ಣ. ಕಂಡದ್ದನ್ನೇ ಬರೆಯಬೇಕೆಂದು ಮಕ್ಕಳಿಗೆ ಹೇಳುವವನು ನಾನು, "ಸ್ಟೀಲು" ಎಂದು ಬರೆದೆ. ಒಂದನೆಯದು ಬೇವಿನ ಕಡ್ಡಿ ನೆನೆಸಿಟ್ಟ ನೀರಿನಂತಿತ್ತು. ನಾಲ್ಕು ಕೊಟ್ಟೆ. ಎರಡನೆಯದಕ್ಕೆ ಬಾಳೆಹಣ್ಣಿನ ವಾಸನೆ. ಬಾಳೆಹಣ್ಣು ಹಾಕಿಲ್ಲ ಎಂದು ಶಿವರಾಜ ಹೇಳಿದ. ಹಾಕದ ಹಣ್ಣಿನ ವಾಸನೆ ಹೇಗೆ ಬರುತ್ತದೆ ಎಂದು ತಿಳಿಯದೆ ಐದು ಕೊಟ್ಟೆ. ಮೂರನೆಯದು ಬಾಯಿಗಿಟ್ಟ ಕೂಡಲೇ ಹಂಚಿನ ಮೇಲೆ ಹೊತ್ತಿದ ರೊಟ್ಟಿಯ ರುಚಿ! ರೊಟ್ಟಿ ಎಂದರೆ ಜೋಳ, ಜೋಳ ಎಂದರೆ ಶಿವರಾಜ. ಎಂಟು ಕೊಟ್ಟು ತಲೆಯೆತ್ತಿದರೆ ಶಿವರಾಜನ ಮುಖ ಹತ್ತನೇ ತರಗತಿಯಲ್ಲಿ ನಪಾಸಾದ ಹುಡುಗನ ಮುಖವಾಗಿತ್ತು. ಅಂದರೆ ಇದು ಅವನದಲ್ಲ. ಎಂಟು ಹೊಡೆದು ಆರು ಮಾಡಿದೆ. ತಿದ್ದಿದ ಕಡೆ ಸಹಿ ಹಾಕುವುದು ಮಾಸ್ತರರ ನಿಯಮ, ಸಹಿಯನ್ನೂ ಹಾಕಿದೆ. ನಾಲ್ಕನೆಯದು ಹುಳಿ ಮಜ್ಜಿಗೆಯಂತಿತ್ತು. ನಾನು ಕುಡಿಯುವಾಗ ಶಿವರಾಜ ಆಕಳಿಸಿದ. ಅದಕ್ಕೆ ನಾಲ್ಕೂವರೆ. ನಾಲ್ಕೂ ಗ್ಲಾಸು ಗಲಬರಿಸಿದ ನೀರು ಸೇರಿ ಆರನೆಯದು ತುಂಬಿತ್ತು.

ಉಳಿದದ್ದು ಐದನೆಯದು. ಅದು ಅವನದೇ ಎನ್ನುವುದಕ್ಕೆ ಈಗ ಲೆಕ್ಕ ಬೇಕಾಗಿರಲಿಲ್ಲ, ಅವನ ಕಾಲು ಮೇಜಿನ ಕೆಳಗೆ ನಡುಗುವುದೇ ಸಾಕಾಗಿತ್ತು. ಆದರೆ ಗೊತ್ತಾದ ಮೇಲೆ ಕೊಡುವ ಅಂಕ ಅಂಕವೇ? ಚೆನ್ನಾಗಿಲ್ಲದಿದ್ದರೆ ಏನು ಮಾಡುವುದು? ಗುಡ್ಡಿ ಎಂಬ ನಾಲ್ಕು ವರ್ಷದ ಹುಡುಗಿ ಔರಾದದಲ್ಲಿ ಕೂತು ನನ್ನ ನಾಲಿಗೆಯ ತುದಿಯನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಅಷ್ಟರಲ್ಲಿ ಶಿವರಾಜನ ಫೋನು ಬಡಿಯಿತು. ನಮ್ಮ ಮನೆಯೊಳಗೆ ಸಿಗ್ನಲ್ ನಿಲ್ಲದ್ದರಿಂದ ಅವನು ಮಾಳಿಗೆಗೆ ಓಡಿದ. ಅವನು ಹತ್ತಿದ್ದೇ ತಡ, ಬಾಗಿಲಲ್ಲಿ ದನಿ: "ಮಾಸ್ಟರ್ ಸಾಬ್!"

ಬಶೀರ್ ಸಾಹೇಬರು. ನಾನು ಎರಡೂ ಕೈಯಲ್ಲಿ ಎರಡು ತುಂಬಿದ ಗ್ಲಾಸು ಎತ್ತಿಕೊಂಡು ಗೋಡೆಯ ಗೂಡಿಗೆ ತುರುಕಿ ಪರದೆ ಎಳೆದೆ. ಚೀಟಿಗಳು ಮೇಜಿನ ಮೇಲೇ ಉಳಿದವು.

"ಹೊಸಾ ಬೋರ್ ಹೊಡಿಸೇನ್ರಿ. ನಾಕನೂರು ಫೂಟ್! ಜರಾ ಟೇಸ್ಟ್ ಮಾಡ್ರಿ" ಎಂದು ಬಾಟಲಿ ಮುಂದೆ ಹಿಡಿದರು. ನಾನು ಉಸಿರು ಬಿಗಿಹಿಡಿದು, ಅವರಿಂದ ಮುಖ ತಿರುಗಿಸಿ, ಗುಟುಕು ನುಂಗಿದೆ. ನಾಲ್ಕು ಬೀರು ಕುಡಿದ ನಾಲಿಗೆಗೆ ಏನು ತಿಳಿದೀತು? "ಸ್ವಲ್ಪ ಕಹಿ, ಸ್ವಲ್ಪ ಹುಳಿ, ನಡುವ ಬಾಳಿಹಣ್ಣಿನ ವಾಸನಿ" ಅಂದುಬಿಟ್ಟೆ.

"ಬಾಳಿಹಣ್ಣು?" ಸಾಹೇಬರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ನಾಕನೂರು ಫೂಟ್ ತೆಳಗ ಬಾಳಿಹಣ್ಣು ಯಾರು ಇಟ್ಟಾರ್ರೀ? ಬಹಮನಿ ಸುಲ್ತಾನರು?" ತಲೆ ಕೆರೆದುಕೊಳ್ಳುತ್ತ ಹೋದರು. ಪಾಪ, ಆ ನೀರನ್ನು ಮೂರು ದಿನ ಕುಡಿಯಲಿಲ್ಲವಂತೆ.

ಪರದೆ ಸರಿಸಿದೆ. ಬಲಗೈಯಲ್ಲಿದ್ದದ್ದು ಐದನೆಯದು, ಆದ್ದರಿಂದ ಬಲಗಡೆಯ ಗ್ಲಾಸು. ನನಗೆ ಸಂಶಯವೇ ಬರಲಿಲ್ಲ. ಬೀಗ ಹಾಕಿದ ಬಾಗಿಲನ್ನು ನಾಲ್ಕು ಸಲ ಜಗ್ಗಿ ನೋಡುವವನು, ಆ ಒಂದು ಗಳಿಗೆ ಜಗ್ಗಿ ನೋಡಲಿಲ್ಲ. ಕುಡಿದೆ. ಏನು ಹೇಳಲಿ? ಹಗುರ, ತಂಪು. ನಾಲಿಗೆಯನ್ನು ಕಚ್ಚುವುದಿಲ್ಲ, ಗಂಟಲನ್ನು ಬೈಯುವುದಿಲ್ಲ. ನನ್ನ ಕಣ್ಣು ತುಂಬಿತು. ಅವನದು ಚೆನ್ನಾಗಿದೆ! ಸುಳ್ಳು ಹೇಳಬೇಕಾಗಿಲ್ಲ! ಮನಸ್ಸಾಕ್ಷಿಯಾಗಿ ಒಂಬತ್ತು ಕೊಟ್ಟೆ. ಹತ್ತು ಕೊಡುವುದು ನಮ್ಮ ಇಲಾಖೆಯ ಪದ್ಧತಿಯಲ್ಲ. ಅಭಿಪ್ರಾಯದ ಮನೆಯಲ್ಲಿ ಬರೆದೆ: "ನೀರಿನಷ್ಟು ಸರಳ. ಆದರೂ ಹಿಂದೆ ಕುಡಿದ ಎಲ್ಲದರ ನೆನಪೂ ಇದರಲ್ಲಿ ಸ್ವಲ್ಪ ಸ್ವಲ್ಪ ಇದೆ."

ಶಿವರಾಜ ಇಳಿದು ಬಂದು ಹಾಳೆ ನೋಡಿದ. ನನ್ನ ಕಾಲು ಮುಟ್ಟಿ, ಹಾಳೆಯ ಫೋಟೊ ತೆಗೆದುಕೊಂಡು ಸೇಠನಿಗೆ ಕಳಿಸುವುದಕ್ಕೆ ಮತ್ತೆ ಮಾಳಿಗೆಗೆ ಓಡಿದ.

ಮುಂದಿನದೆಲ್ಲ ಒಳ್ಳೆಯದೇ. ಐವರ ಹಾಳೆ ಕೂಡಿಸಿದಾಗ ಅರ್ಧ ಅಂಕದಿಂದ ಶಿವರಾಜ ಗೆದ್ದ. ಕೆಲಸ ಸಿಕ್ಕಿತು, ಖೋಲಿ ಸಿಕ್ಕಿತು, ಗುಡ್ಡಿ ಈಗ ಅಪ್ಪನನ್ನು ನೀ ಯಾರು ಎಂದು ಕೇಳುವುದಿಲ್ಲ, ಬೈಯುತ್ತಾಳೆ. ನನ್ನ ಅಭಿಪ್ರಾಯವನ್ನು ಸೇಠ ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಸಿದ್ದಾನಂತೆ. ಮರುವರ್ಷ ಮಳೆ ಬಂದ ಮೇಲೆ ಶಿವರಾಜ ಅದೇ ಜೋಳದ ಬೀರು ತಂದು ನನ್ನೆದುರು ಕೂತು, "ಅದೇ ರುಚಿ ಅದ ಅಲ್ರಿ ಮಾಮಾ?" ಎಂದು ಕೇಳಿದ. "ಅದೇ" ಅಂದೆ. ಅದು ಗಟ್ಟಿಯಾಗಿ, ಹಸಿ ಹಿಟ್ಟಿನ ವಾಸನೆಯಾಗಿ, ನನ್ನ ಜೀವಮಾನದಲ್ಲಿ ಮೊದಲ ಸಲ ಕುಡಿಯುತ್ತಿರುವಂತಿತ್ತು. ಚೆನ್ನಾಗಿತ್ತೋ ಇಲ್ಲವೋ, ಈಗಲೂ ಗೊಂದಲ. ಆರೋ, ಆರೂವರೆಯೋ.

ಏಕೆಂದರೆ ಆ ರವಿವಾರ ಶಿವರಾಜ ಫೋಟೊ ಕಳಿಸಲು ಮೇಲೆ ಹೋದಾಗ ಸುವರ್ಣಾ ಗೂಡಿನಲ್ಲಿ ಉಳಿದ ಗ್ಲಾಸು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅಲ್ಲಿಂದಲೇ ಕೂಗಿದಳು: "ಏನ್ರಿ, ಈ ಗಲಬರಿಸಿದ ನೀರು ಗಿಡಕ್ಕ ಹಾಕಿದ್ರ ಇಷ್ಟು ನೊರಿ ಯಾಕ ಬರ್ತದ?"

ನಾನು ಹಿತ್ತಲಿಗೆ ಹೋಗಿ ನೋಡಿದೆ. ಕರಿಬೇವಿನ ಬುಡದಲ್ಲಿ ಬೆಳ್ಳಗೆ, ನಾಲ್ಕು ಬೆರಳು ನೊರೆ. ಶಿವರಾಜನಿಗೆ ಹೇಳಿಬಿಡಬೇಕೆಂದು ಮಾಳಿಗೆಯ ಮೂರು ಮೆಟ್ಟಿಲು ಹತ್ತಿದೆ. ಮೇಲಿನಿಂದ ಅವನ ದನಿ ಕೇಳಿಸಿತು: "ಗುಡ್ಡೀ, ನಾನವ್ವಾ, ಅಪ್ಪ! ಮಾಮಾ ಒಂಬತ್ತು ಕೊಟ್ಟಾರ! ಅವ್ವಗ ಹೇಳು, ಅರಿವಿ ಮಡಚಿಡು ಅಂತ!" ನಾನು ಮೂರು ಮೆಟ್ಟಿಲು ಇಳಿದು ಬಂದೆ. "ಸೋಪಿನ ಪುಡಿ ಬಿದ್ದಿರಬೇಕು" ಎಂದು ಸುವರ್ಣಾಳಿಗೆ ಹೇಳಿ, ಒಂಬತ್ತು ಅಂಕದ ನೀರು ಕುಡಿದ ಗ್ಲಾಸನ್ನು ಗಲಬರಿಸಿ, ಅದನ್ನೂ ಗಿಡಕ್ಕೇ ಹಾಕಿದೆ.