ಹಳೇ ಕಾರಿನ ಹಳದಿ ದೀಪ

"ಇವತ್ತು ಆ ಲೈಟು ಆರಿಸದಿದ್ರೆ ನನ್ನ ಅರ್ಧ ಮೀಸೆ ಬೋಳಿಸ್ಕೋತೀನಿ!" ಎಂದು ಗಂಡ ತಿಂಡಿ ತಟ್ಟೆಯ ಮುಂದೆ ಘೋಷಿಸಿದ.

"ಬೋಳಿಸೋದಾದ್ರೆ ಪೂರ್ತಿ ಬೋಳಿಸಿ. ನಿಮ್ಮ ಅರ್ಧಂಬರ್ಧ ಕೆಲಸ ನೋಡಿ ನೋಡಿ ಸಾಕಾಗಿದೆ," ಎಂದಳು ಹೆಂಡತಿ.

ಲೈಟು ಎಂದರೆ ಕಾರಿನ ಎಬಿಎಸ್ ದೀಪ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಕಾಯುವ ಏರ್ಪಾಟು ಕೆಟ್ಟಿದೆ ಎಂದು ಅದು ತಿಂಗಳಿಂದ ಹಳದಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ಸಂಜೆಯೊಳಗೆ ಆರದಿದ್ದರೆ ನಾಳೆ ತನ್ನ ತಮ್ಮ ಬಂದು ಕಾರನ್ನು ಗುಜರಿಗೆ ಎಳೆದೊಯ್ಯುತ್ತಾನೆ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದ್ದಳು. ಗಂಡನಿಗೆ ಆ ಕಾರೆಂದರೆ ಪ್ರಾಣ.

ಕೆಲಸ ಹಂಚಿಕೆಯಾಯಿತು. ಅವನು ಚಕ್ರ ಬಿಚ್ಚಿ ಸೆನ್ಸರಿನ ವೈರು ಉಜ್ಜುವುದು. ಅವಳು ಸ್ಟೀರಿಂಗ್ ಮುಂದೆ ಕೂತು, ಕೀ ತಿರುಗಿಸಿ, ದೀಪ ಇದೆಯೋ ಇಲ್ಲವೋ ಕೂಗುವುದು.

ಮೊದಲು ಎಡಗಡೆಯ ಮುಂದಿನ ಚಕ್ರ. ಪ್ಲಗ್ಗಿನ ತುಂಬ ಕೆಸರು. ತೊಳೆದ, ಒರೆಸಿದ, ಸಿಕ್ಕಿಸಿದ.

"ಇದೆಯಾ?"

"ಇದೆ!" ಎಂದು ಕೀ ಹಿಂದಕ್ಕೆ ತಿರುಗಿಸಿದಳು.

ಬಲಗಡೆಯದು. "ಇದೆಯಾ?"

"ಇದೆ!"

ಹಿಂದಿನವೆರಡೂ ಆದವು. "ಈಗ?"

"ಇದೆ ಅಂದ್ನಲ್ಲ! ನೆಂಟರ ಹಾಗೆ ಕೂತಿದೆ!"

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಚಕ್ರ ಅಂಗಳದಲ್ಲಿ, ಕಾರು ಇಟ್ಟಿಗೆಗಳ ಮೇಲೆ, ಗಂಡನ ಮುಖ ಬಾಣಲೆಯ ತಳ.

"ಸರಿಯಾಗಿ ನೋಡ್ತಿದ್ದೀಯೇನೇ?"

"ನನಗೇನು ಕಣ್ಣಿಲ್ವಾ? ನೀವೇ ಬಂದು ಕೂತ್ಕೊಳ್ಳಿ!"

ಸಿಟ್ಟಿನಲ್ಲಿ ಕೀ ಹಿಂದಕ್ಕೆ ತಿರುಗಿಸುವುದು ಮರೆಯಿತು. ಜಗಳ ಅವಳ ತವರುಮನೆಯವರೆಗೂ ಹೋಗಿ ವಾಪಸು ಬರುವಷ್ಟರಲ್ಲಿ ನೋಡುತ್ತಾಳೆ, ದೀಪ ಇಲ್ಲ!

ಕೀ ಹಿಂದಕ್ಕೆ ತಂದು ಮತ್ತೆ ತಿರುಗಿಸಿದಳು. ಹತ್ತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇದ್ದು ತಾನಾಗಿ ಆರಿತು. ಕೀ ತಿರುಗಿಸಿದ ಕೂಡಲೇ ಹತ್ತಿ, ಎಲ್ಲ ಸರಿಯಿದ್ದರೆ ಆರುವುದು ಅದರ ಪದ್ಧತಿ. ಅವಳು ಒಮ್ಮೆಯೂ ಕಾದಿರಲಿಲ್ಲ.

"ಹಾಗಾದ್ರೆ ಕೆಸರಿದ್ದ ಆ ಮೊದಲನೇ ಚಕ್ರಕ್ಕೇ ಸರಿಹೋಗಿತ್ತು," ಎಂದ ಗಂಡ, ನಿಧಾನವಾಗಿ.

"ಇರಬಹುದು. ಊಟಕ್ಕೆ ಬನ್ನಿ."

"ನಾಲ್ಕೂ ಚಕ್ರ ಬಿಚ್ಚಿಸಿದೆಯಲ್ಲೇ, ಪುಣ್ಯಾತ್ಗಿತ್ತಿ!"

"ಮೀಸೆ ಉಳೀತಲ್ಲ!"

ಸಂಜೆ ಚಕ್ರಗಳನ್ನೆಲ್ಲ ಹಾಕಿ ಮುಗಿಸುವವರೆಗೂ ಅವನು ನಗುತ್ತಲೇ ಇದ್ದ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು.

ತಮ್ಮ ಬಂದ. ಕಾರಿಗಾಗಿ ಅಲ್ಲ.

ಎಷ್ಟೋ ದಿನ ಕಳೆದ ಮೇಲೆ ಕೇಳಿದ. "ಅಕ್ಕಾ, ನಿನಗೆ ಓಡಿಸೋಕೆ ಬರಲ್ಲ. ಕಾರು ಕೊಟ್ಟುಬಿಡೋಣ್ವಾ?"

"ಮಾತು ಅಂದ್ರೆ ಮಾತು ಕಣೋ. ಲೈಟು ಆರಿದೆಯಲ್ಲ!"

ಬ್ಯಾಟರಿ ಡೌನ್ ಆಗದಿರಲಿ ಎಂದು ಈಗಲೂ ದಿನಾ ಬೆಳಿಗ್ಗೆ ಹೋಗಿ ಕಾರು ಸ್ಟಾರ್ಟ್ ಮಾಡುತ್ತಾಳೆ. ಅದಕ್ಕೆ ಮೊದಲು ಕೀ ಅರ್ಧ ತಿರುಗಿಸಿ ದೀಪ ನೋಡುತ್ತಾಳೆ.

"ಇದೆ," ಎನ್ನುತ್ತಾಳೆ, ಎಡಗಡೆಯ ಮುಂದಿನ ಚಕ್ರದವರೆಗೆ ಕೇಳುವಂತೆ.

ಅವಸರ ಮಾಡುವುದಿಲ್ಲ. ಕಾಯುತ್ತಾಳೆ.

"ಹೋಯ್ತು ರೀ."