ಕಿರಿಯ ಬಿಷಪ್ಪರಿಗೆ ನಾನು ಕಟ್ಟಿದ ಪಟ್ಟ

ಅರ್ಧ ತಿಳಿದವನು ಬಾಯಿ ಮುಚ್ಚಿಕೊಂಡಿದ್ದರೆ ಲೋಕಕ್ಕೆ ದೊಡ್ಡ ಉಪಕಾರ. ನನ್ನಿಂದ ಆ ಉಪಕಾರ ಯಾವತ್ತೂ ಆಗಿಲ್ಲ. ಎಂಬತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಆಂಗ್ಲಿಕನ್ ಬಿಷಪ್ಪರ ಆಫೀಸಿನಲ್ಲಿ ನಾನು ಟೈಪಿಸ್ಟು. ಉಡುಪಿಯ ಮಾಧ್ವನಿಗೆ ಇದೆಲ್ಲಿಯ ಕೆಲಸ ಎಂದು ಹುಬ್ಬೇರಿಸಬೇಡಿ, ಸಂಬಳದ ಚೆಕ್ಕಿಗೆ ಮಡಿ ಮೈಲಿಗೆ ಇಲ್ಲ. ಅಲ್ಲಿ ಹಿರಿಯ ಬಿಷಪ್ಪರ ಕೈಕೆಳಗೆ ಇನ್ನೊಬ್ಬರಿದ್ದರು. ಅವರ ಹುದ್ದೆಯ ಹೆಸರು ಸಫ್ರಗನ್ ಬಿಷಪ್. ಆ ಹುದ್ದೆಯ ಚರಿತ್ರೆಯನ್ನು ಅವರೇ ಬರೆದು ನನಗೆ ಟೈಪು ಮಾಡಲು ಕೊಟ್ಟಿದ್ದರು. ಇಂಗ್ಲೆಂಡಿನ ರಾಜನೊಬ್ಬ ಕಾನೂನು ಮಾಡಿ ಈ ಹುದ್ದೆಗಳನ್ನು ಸೃಷ್ಟಿಸಿದನಂತೆ. ಆಮೇಲೆ ಶತಮಾನಗಟ್ಟಲೆ ಯಾರನ್ನೂ ನೇಮಿಸದೆ ಬರೀ ಕಾನೂನನ್ನೇ ಇಟ್ಟುಕೊಂಡಿದ್ದರಂತೆ. ಟೈಪಿಸ್ಟು ಓದುವುದಿಲ್ಲ, ಬರೀ ಹೊಡೆಯುತ್ತಾನೆ. ಮುಂದಿನದನ್ನು ನಾನು ಊಹಿಸಿಕೊಂಡೆ.

"ನಮ್ಮ ಮಠದ ಕಿರಿಯ ಸ್ವಾಮಿಗಳಿದ್ದ ಹಾಗೆ ಕಣೇ. ಹಿರಿಯರ ನಂತರ ಪೀಠ ಇವರಿಗೇ," ಎಂದು ಹೆಂಡತಿ ವನಜಾಳಿಗೆ ವಿವರಿಸಿದೆ.

"ಯಾರನ್ನಾದ್ರೂ ಕೇಳಿದ್ರಾ?"

"ಕೇಳೋದೇನು? ಮಠ ಅಂದ್ರೆ ಮಠ!"

ಅಷ್ಟರಲ್ಲಿ ಹಿರಿಯರು ನಿವೃತ್ತಿ ಸಾರಿದರು. ಮರುದಿನವೇ ವನಜಾಳ ಕೈಯಲ್ಲಿ ಕಾರ್ನೇಶನ್ ಹೂವಿನ ಹಾರ ಕಟ್ಟಿಸಿದೆ. ಆಫೀಸಿನವರೆಲ್ಲ ಕಾಫಿಗೆ ಸೇರಿದ್ದಾಗ, ಹಿರಿಯರು ನೋಡುತ್ತಿದ್ದಂತೆಯೇ, ಕಿರಿಯರ ಕೊರಳಿಗೆ ಹಾರ ಹಾಕಿ ಕಾರ್ಪೆಟ್ಟಿನ ಮೇಲೆ ಸಾಷ್ಟಾಂಗ ಬಿದ್ದೆ. ನನಗೆ ಹೃದಯಾಘಾತವಾಯಿತೆಂದು ಸೆಕ್ರೆಟರಿ ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬಂದೂ ಬಿಟ್ಟಿತು. ಮಲಗಿದ್ದೇಕೆಂದು ಆಂಬುಲೆನ್ಸಿನವರಿಗೆ ವಿವರಿಸುವುದರೊಳಗೆ ರಕ್ತದೊತ್ತಡ ನಿಜವಾಗಿಯೂ ಏರಿತ್ತು.

ಕಿರಿಯರು ನನ್ನನ್ನು ಮೂಲೆಗೆ ಕರೆದರು. "ರಾವ್, ಈ ಹುದ್ದೆಯವನಿಗೆ ಉತ್ತರಾಧಿಕಾರ ಇಲ್ಲ. ನೀನೇ ಟೈಪು ಮಾಡಿದ್ದೀಯಲ್ಲ! ಚುನಾವಣೆ ನಡೆಯುತ್ತೆ. ನನಗೂ ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ."

ಹಿರಿಯರು ಕುರ್ಚಿ ಬಿಡುವ ಮುಂಚೆಯೇ ಕಿರಿಯರು ಹಾರ ಹಾಕಿಸಿಕೊಂಡರು ಎಂಬ ಗುಸುಗುಸು ಎಲ್ಲ ಚರ್ಚುಗಳಿಗೂ ಹಬ್ಬಿತು. ಅವರು ಚುನಾವಣೆಗೆ ನಿಂತರು, ಸೋತರು. ಹೊರಗಿನವರೊಬ್ಬರು ಗೆದ್ದರು. ಒಳ್ಳೆಯ ಮನುಷ್ಯನ ಬಾಳಿಗೆ ಕಲ್ಲು ಹಾಕಿದೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ಕೊನೆಗೆ ತಡೆಯಲಾರದೆ ಅವರ ಕೋಣೆಗೆ ಹೋಗಿ, ಈ ಸಲ ನಿಂತುಕೊಂಡೇ, ಕ್ಷಮೆ ಕೇಳಿದೆ.

ಅವರು ನಕ್ಕುಬಿಟ್ಟರು. "ಅಯ್ಯೋ ರಾವ್, ನನ್ನ ಪ್ರವಚನ ಅಂದ್ರೆ ಇಲ್ಲಿ ಎಲ್ಲರಿಗೂ ನಿದ್ದೆ. ನಿನ್ನ ಹಾರ ಇಲ್ಲದಿದ್ರೂ ಸೋಲ್ತಿದ್ದೆ."

ಎದೆಯ ಭಾರ ಇಳಿಯಿತು. ಆದರೆ ನಿಜ ಹೇಳುತ್ತೇನೆ, ಮೆಟ್ಟಿಲಿಳಿಯುವಾಗ ಸ್ವಲ್ಪ ಬೇಜಾರೂ ಆಯಿತು. ಅಷ್ಟು ಉದ್ದಕ್ಕೆ ಅಡ್ಡಬಿದ್ದರೂ ನನ್ನಿಂದ ಒಂದು ವೋಟೂ ಕೆಡಲಿಲ್ಲವೇ?